ಬೆಟ್ಟ ಹತ್ತಲಾಗದವರಿಗೆಂದು ಮಾಡಿದ ವಿಆರ್ ಅವರಿಗೇ ಒಗ್ಗದಿದ್ದರೆ?

ಪ್ರಶ್ನೆ: ನಾವು ಹಾಸನದ ನಾಲ್ವರು ಗೆಳೆಯರು, ಎಂಜಿನಿಯರಿಂಗ್ ಮುಗಿಸಿದವರು. ಶ್ರವಣಬೆಳಗೊಳದ ದೊಡ್ಡಬೆಟ್ಟ, ಬೇಲೂರು, ಹಳೇಬೀಡು ಮೂರನ್ನೂ ಸೇರಿಸಿ ಒಂದು ವಿಆರ್ ಪ್ರದರ್ಶನ ಮಾಡಿದ್ದೇವೆ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡರೆ ಅಲ್ಲೇ ಇದ್ದಂತೆ ಸುತ್ತಲೂ ದೃಶ್ಯ ಕಾಣುತ್ತದೆ. ಮೆಟ್ಟಿಲು ಹತ್ತಲಾಗದ ಹಿರಿಯರಿಗೆ, ಅಂಗವಿಕಲರಿಗೆ ಅನುಕೂಲವಾಗಲಿ ಎಂಬುದೇ ನಮ್ಮ ಆಸೆಯಾಗಿತ್ತು. ಊರಿನ ಒಂದು ಮೇಳದಲ್ಲಿ ಇಟ್ಟಾಗ ಆದದ್ದೇ ಬೇರೆ. ಇಬ್ಬರು ಅಜ್ಜಿಯರು ತಲೆ ಸುತ್ತುತ್ತದೆ ಎಂದು ಅರ್ಧಕ್ಕೇ ತೆಗೆದರು. ವೀಲ್‌ಚೇರಿನಲ್ಲಿ ಬಂದವರಿಗೆ ಗುಂಡಿಗಳೆಲ್ಲ ತಲೆಯ ಮೇಲೆ ಕಂಡವು, ಎಟುಕಲಿಲ್ಲ. ಕಿವಿ ಕೇಳದ ಹುಡುಗನೊಬ್ಬ ಸುಮ್ಮನೆ ಸುತ್ತ ನೋಡಿ ಎದ್ದು ಹೋದ. ಕಣ್ಣು ಕಾಣದ ಮೇಷ್ಟ್ರೊಬ್ಬರು “ಇದರಲ್ಲಿ ನನಗೇನಿದೆಯಪ್ಪಾ?” ಎಂದು ಕೇಳಿದರು, ನಮಗೆ ಉತ್ತರ ಹೊಳೆಯಲಿಲ್ಲ. ನಮ್ಮಲ್ಲಿ ಮೆಟಾ ಕಂಪನಿಯ ಎರಡು ಕ್ವೆಸ್ಟ್ ಹೆಡ್‌ಸೆಟ್ ಇವೆ, ಎದುರಿನ ಜಾಗದಲ್ಲೇ ಶಿಲ್ಪ ಇದ್ದಂತೆ ಫೋನಿನಲ್ಲಿ ತೋರಿಸುವ ಎಆರ್ ಆವೃತ್ತಿಯೂ ಇದೆ. ದುಡ್ಡು ಹೆಚ್ಚಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನೀವು ಹೇಳಿದ್ದು ನಾಲ್ಕು ದೂರು, ಬೇರು ಮಾತ್ರ ಒಂದೇ. ನಿಮ್ಮ ಪ್ರದರ್ಶನದಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದೇ ದಾರಿ ಇದೆ. ವಿಷಯ ತಿಳಿಯಬೇಕಾದರೆ ಕಣ್ಣೂ ಬೇಕು, ಕಿವಿಯೂ ಬೇಕು. ಏನನ್ನಾದರೂ ಆರಿಸಬೇಕಾದರೆ ಕೈ ಎತ್ತಿ ಚಾಚಬೇಕು. ಮುಂದಕ್ಕೆ ಹೋಗಬೇಕಾದರೆ ಕ್ಯಾಮೆರಾ ಎಳೆದುಕೊಂಡು ಹೋದಂತೆ ಹೋಗಬೇಕು. ಆ ಒಂದು ದಾರಿ ಯಾರಿಗೆ ಮುಚ್ಚಿದೆಯೋ ಅವರು ಹೊರಗುಳಿದರು. ಹಾಗಾಗಿ ಅಂಧರಿಗೊಂದು, ಕಿವುಡರಿಗೊಂದು ಎಂದು ಬೇರೆ ಬೇರೆ ಆವೃತ್ತಿ ಕಟ್ಟಲು ಹೊರಡಬೇಡಿ. ಇರುವುದರಲ್ಲೇ ಪ್ರತಿ ಕೆಲಸಕ್ಕೂ ಎರಡನೆಯ ದಾರಿ ತೆರೆಯಿರಿ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ವಿಆರ್, ಎಆರ್ ಬಳಸುವ ಅಂಗವಿಕಲರ ಅಗತ್ಯಗಳ ಬಗ್ಗೆಯೇ 2021ರ ಆಗಸ್ಟ್‌ನಲ್ಲಿ ಒಂದು ಟಿಪ್ಪಣಿ ಪ್ರಕಟಿಸಿದೆ. ನಾಲ್ವರೂ ಒಮ್ಮೆ ಕೂತು ಓದಿ, ಉದ್ದವೇನಿಲ್ಲ.

ಕೆಲಸ ತಲೆಸುತ್ತಿನಿಂದ ಶುರುವಾಗಲಿ, ಅದಕ್ಕೆ ಖರ್ಚು ಕಡಿಮೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಹೊಟ್ಟೆ ತೊಳಸುವುದೇಕೆ? ಒಳಕಿವಿಯ ಸಮತೋಲನದ ಅಂಗಕ್ಕೆ ಪ್ರತಿ ತಿರುವೂ ಗೊತ್ತಾಗುತ್ತದೆ, ಕಣ್ಣಿಗೆ ಮಾತ್ರ ಮುಂದಿನ ಸೀಟಿನ ಬೆನ್ನು ಇದ್ದಲ್ಲೇ ಕಾಣುತ್ತದೆ. ಎರಡೂ ತಾಳೆಯಾಗದೆ ಮೈ ಕೆಡುತ್ತದೆ. ವಿಆರ್‌ನಲ್ಲಿ ಇದೇ ತಿರುಗಾಮುರುಗಾ: ಕಣ್ಣು ಓಡುತ್ತಿದ್ದೇನೆ ಎನ್ನುತ್ತದೆ, ಒಳಕಿವಿ ಕೂತಲ್ಲೇ ಇದ್ದೇನೆ ಎನ್ನುತ್ತದೆ. ಮೆಟ್ಟಿಲು ಹತ್ತುವಂತೆ ಕ್ಯಾಮೆರಾ ಏರುವ ದೃಶ್ಯ, ಗೊಮ್ಮಟನ ಮುಖದ ಸುತ್ತ ಡ್ರೋನ್ ಥರ ಹಾರುವ ದೃಶ್ಯ ನಿಮ್ಮಲ್ಲಿ ಇರಲೇಬೇಕು. ಈ ಬಗೆಯ ಪ್ರದರ್ಶನ ಮಾಡುವವರಿಗೆ ಅದರ ಮೋಹ ತಪ್ಪಿದ್ದಲ್ಲ. ಎರಡನ್ನೂ ಕಿತ್ತುಹಾಕಿ. ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳ ಬೆಟ್ಟವನ್ನು ನಾಲ್ಕೈದು ನಿಲ್ದಾಣಗಳಲ್ಲಿ ತೋರಿಸಿದರೆ ಸಾಕು. ಒಂದು ನಿಲ್ದಾಣದಲ್ಲಿ ದೃಶ್ಯ ಮೆಲ್ಲಗೆ ಕಪ್ಪಾಗಿ ಮುಂದಿನದರಲ್ಲಿ ತೆರೆದುಕೊಳ್ಳಲಿ. ಪಕ್ಕಕ್ಕೆ ತಿರುಗುವುದೂ ನಯವಾದ ಸುತ್ತಾಟವಾಗಬಾರದು, ಗುಂಡಿ ಒತ್ತಿದರೆ 30 ಡಿಗ್ರಿಯಷ್ಟು ಥಟ್ಟನೆ ತಿರುಗಬೇಕು.

ಇದರ ಜೊತೆಗೇ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತವೆ ಎಂಬುದನ್ನು, ನೋಡಿಕೊಳ್ಳಿ. ಹೊಯ್ಸಳರ ಕೆತ್ತನೆಯನ್ನು ಫೋಟೋಗಳಿಂದ ಸ್ಕ್ಯಾನ್ ಮಾಡಿದರೆ ಲಕ್ಷಾಂತರ ತ್ರಿಕೋನಗಳ ಮಾದರಿ ಸಿಗುತ್ತದೆ. ಅಷ್ಟನ್ನೂ ಒಮ್ಮೆಗೇ ಬಿಡಿಸಹೊರಟರೆ ಕ್ವೆಸ್ಟ್ ತಡವರಿಸುತ್ತದೆ, ತಡವರಿಸಿದೊಡನೆ ತಲೆಸುತ್ತು ಹಾಜರಾಗುತ್ತದೆ. ದೂರದ ಗೋಡೆಯ ವಿವರ ತಗ್ಗಿಸಿ, ಸೆಕೆಂಡಿಗೆ 72 ಫ್ರೇಮ್‌ಗಿಂತ ಕೆಳಗಿಳಿಯದಂತೆ ಹಿಡಿದಿಡಿ. ಇನ್ನೊಂದು, ಲೆನ್ಸ್‌ಗಳ ನಡುವಿನ ಅಂತರ. ಅದು ನೋಡುವವರ ಎರಡು ಕಣ್ಣುಗಳ ಅಂತರಕ್ಕೆ ಹೊಂದಬೇಕು. ಕ್ವೆಸ್ಟ್ 2ರಲ್ಲಿ 58, 63, 68 ಮಿಲಿಮೀಟರಿನ ಮೂರು ಸ್ಥಾನಗಳಿವೆ, ಕ್ವೆಸ್ಟ್ 3ರಲ್ಲಿ ತಿರುಗಿಸುವ ಚಕ್ರವಿದೆ. ಮೇಳದಲ್ಲಿ ಒಬ್ಬರ ತಲೆಯಿಂದ ತೆಗೆದು ಇನ್ನೊಬ್ಬರ ತಲೆಗೆ ಹಾಕುವ ಗಡಿಬಿಡಿಯಲ್ಲಿ ಇದನ್ನು ಯಾರೂ ಮುಟ್ಟುವುದಿಲ್ಲ. ಅಜ್ಜಿಯರ ತಲೆಸುತ್ತಿಗೆ ಡ್ರೋನ್ ಎಷ್ಟು ಕಾರಣವೋ ಈ ಅಂತರವೂ ಅಷ್ಟೇ ಕಾರಣ ಇರಬಹುದು.

ಈಗ ವೀಲ್‌ಚೇರಿನ ಮಾತು. ಹೆಡ್‌ಸೆಟ್ ನೆಲದಿಂದ ಕಣ್ಣಿನ ಎತ್ತರವನ್ನು ಇದ್ದ ಹಾಗೇ ಅಳೆಯುತ್ತದೆ. ನೀವು ನಾಲ್ವರೂ ನಿಂತು ಪರೀಕ್ಷಿಸಿ ನಿಮ್ಮ ಎದೆಮಟ್ಟಕ್ಕೆ ಗುಂಡಿಗಳನ್ನು ಕೂರಿಸಿದ್ದೀರಿ, ಕೂತವರಿಗೆ ಅವು ಹಣೆಯ ಮೇಲಾದವು. ಕೂತು ನೋಡುವುದನ್ನೇ ಮೂಲ ರೂಪವಾಗಿ ಇಟ್ಟುಕೊಂಡು ನಿಲ್ಲುವುದನ್ನು ಆಯ್ಕೆಯಾಗಿ ಕೊಡಿ. ಗುಂಡಿಗಳು ಕಣ್ಣಿನ ಎತ್ತರಕ್ಕೆ ತಕ್ಕಂತೆ ತಾವೇ ಇಳಿಯಲಿ, ಏರಲಿ. ಬಳಸುವವರು ಬೆನ್ನು ತಿರುಗಿಸಿ ನೋಡಬೇಕಾದ್ದು ಒಂದೂ ಇರಬಾರದು.

ಬೇಲೂರಿನಲ್ಲಿ ನಿಮಗೆ ಇನ್ನೂ ಒಳ್ಳೆಯ ಅವಕಾಶ ಇದೆ. ಅಲ್ಲಿ ಮದನಿಕೆಯರು ಸೂರಿನ ಕೆಳಗೆ ಓರೆಯಾಗಿ ನಿಂತಿದ್ದಾರೆ, ಕತ್ತೆತ್ತಿ ನೋಡದೆ ವಿಧಿಯಿಲ್ಲ. ನವರಂಗದ ಭುವನೇಶ್ವರಿಯನ್ನು, ಅಂದರೆ ಒಳಮಂಟಪದ ಕೆತ್ತನೆಯ ಒಳಛಾವಣಿಯನ್ನು, ಗೈಡ್ ಟಾರ್ಚ್ ಬಿಟ್ಟು ತೋರಿಸುವಾಗಲೂ ಅಷ್ಟೇ. ಸ್ಪಾಂಡಿಲೈಟಿಸ್ ಇರುವವರು ಅರ್ಧ ನೋಡಿ ಕತ್ತು ಹಿಡಿದುಕೊಂಡು ಕೂರುತ್ತಾರೆ. ಆ ಕಷ್ಟವನ್ನು ವಿಆರ್‌ಗೂ ಯಾಕೆ ಎಳೆದು ತರಬೇಕು? ದರ್ಪಣಸುಂದರಿಯನ್ನು ಆರಿಸಿದರೆ ಅವಳೇ ಇಳಿದು ಬಂದು ಕೂತವರ ಎದುರಿಗೆ ನಿಲ್ಲಲಿ, ಬೇಕಾದಷ್ಟು ದೊಡ್ಡವಳಾಗಲಿ. “ಹತ್ತಿರ ತಾ” ಎಂಬ ಒಂದೇ ಗುಂಡಿಯಿಂದ ಕತ್ತು ನೋವಿನವರಿಗೆ, ಕಣ್ಣು ಮಂಜಾದವರಿಗೆ, ಕುಳ್ಳಗಿರುವ ಮಕ್ಕಳಿಗೆ ಎಲ್ಲರಿಗೂ ಆಗುತ್ತದೆ. ಇದ್ದದ್ದನ್ನು ಇದ್ದಲ್ಲೇ ತೋರಿಸಬೇಕೆಂಬ ಹಟವನ್ನು ಎಂಜಿನಿಯರುಗಳು ಬಿಡುವುದು ಕಷ್ಟ, ಆದರೂ ಬಿಡಿ.

ಕೈಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಎಲ್ಲ ಕೆಲಸವೂ ಒಂದೇ ಕಂಟ್ರೋಲರಿನಲ್ಲಿ, ಎಡಗೈಯಲ್ಲಾಗಲಿ ಬಲಗೈಯಲ್ಲಾಗಲಿ, ಆಗುವಂತಿರಬೇಕು. ಹಿಡಿಯನ್ನು ಅದುಮಿಕೊಂಡೇ ಟ್ರಿಗರ್ ಒತ್ತಬೇಕು ಎಂಬಂಥದ್ದು ಬೇಡ. ಕಂಟ್ರೋಲರ್ ಹಿಡಿಯಲಾಗದವರು ಒಂದು ವಸ್ತುವಿನತ್ತ ತಲೆ ತಿರುಗಿಸಿ ಒಂದೂವರೆ ಸೆಕೆಂಡ್ ತಡೆದರೆ ಅದು ಆಯ್ಕೆಯಾಗಲಿ, ಆ ಅವಧಿಯನ್ನು ಹಿಗ್ಗಿಸಲೂ ಬರಲಿ. ನಿಮ್ಮ ಕ್ವೆಸ್ಟ್ 2 ಅಥವಾ 3ರಲ್ಲಿ ಕಣ್ಣುಗುಡ್ಡೆಯ ಚಲನೆ ಗುರುತಿಸುವ ಸೌಲಭ್ಯ ಇಲ್ಲ, ತಲೆಯ ದಿಕ್ಕೇ ಗತಿ. 2024ರ ಫೆಬ್ರವರಿಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಆಪಲ್ ವಿಷನ್ ಪ್ರೊ ಕಣ್ಣು, ತಲೆ, ಮಣಿಕಟ್ಟು, ಬೆರಳು ಯಾವುದರಿಂದಲಾದರೂ ಗುರಿ ಇಡಲು ಬಿಡುತ್ತದೆ. ಬೆಲೆ ನಮ್ಮ ಅಳವಿನದಲ್ಲ, ಆಲೋಚನೆಯನ್ನಂತೂ ಪುಕ್ಕಟೆ ತೆಗೆದುಕೊಳ್ಳಬಹುದು. ಬರಿಗೈ ಗುರುತಿಸುವ ತಂತ್ರವೊಂದನ್ನೇ ನೆಚ್ಚಬೇಡಿ. ಬೆರಳು ಇಲ್ಲದ, ಸೆಟೆದುಕೊಂಡ, ನಡುಗುವ ಕೈಯನ್ನು ಅದು ಕೈ ಎಂದೇ ಒಪ್ಪದಿರಬಹುದು.

ಪ್ರೋಗ್ರಾಂ ಬರೆಯುವವರು ಮರೆಯುವ ಒಂದು ಸಂಗತಿ ತಲೆ. ಹಾಸನದ ಮೇಳಕ್ಕೆ ಬರುವ ಹೆಂಗಸರು ತುರುಬು ಕಟ್ಟಿ ಹೂ ಮುಡಿದು ಬರುತ್ತಾರೆ, ಹೆಡ್‌ಸೆಟ್‌ನ ಹಿಂಪಟ್ಟಿ ಸರಿಯಾಗಿ ಅಲ್ಲೇ ಒತ್ತುತ್ತದೆ. ಹಣೆಯ ಕುಂಕುಮ ಮುಂದಿನ ಸ್ಪಂಜಿಗೆ ಮೆತ್ತಿಕೊಳ್ಳುತ್ತದೆ. ಕನ್ನಡಕದವರಿಗೆ ಲೆನ್ಸ್ ತಾಗದಂತೆ ಸ್ಪೇಸರ್ ಹಾಕಬೇಕು. ಕಿವಿಯ ಹಿಂದಿನ ಮಿಷನ್ ಪಟ್ಟಿಗೆ ಸಿಕ್ಕಿ ಕೀಚಲು ಸದ್ದು ಮಾಡುತ್ತದೆ. ಕಿವಿ ಕೇಳಿಸಲೆಂದು ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಇರುವ ಮಗುವಿನ ತಲೆಯಲ್ಲಿ ಅಯಸ್ಕಾಂತದಿಂದ ಅಂಟಿಕೊಂಡ ಸುರುಳಿಯನ್ನು ಪಟ್ಟಿ ಸರಿಸಿಬಿಡಬಹುದು. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಗುವ ಸ್ಪಂಜು ಕಣ್ಣುಬೇನೆಯನ್ನೂ ದಾಟಿಸಬಲ್ಲದು. ಹೆಡ್‌ಸೆಟ್ ಕ್ವೆಸ್ಟ್ 3 ಆದರೆ ಅದೇ ಅರ್ಧ ಕಿಲೋ ದಾಟುತ್ತದೆ, ತೆಳ್ಳಗಿನ ಕತ್ತಿಗೆ ಅದೂ ಹೊರೆ. ಇವಕ್ಕೆಲ್ಲ ಬಿಸಾಡುವ ಮುಖಗವಸು, ಸಡಿಲ ಪಟ್ಟಿ, ಆತುರಪಡದ ಒಬ್ಬ ಸಹಾಯಕ ಇದ್ದರೆ ಸಾಕು. ಹಾಕುವ ಮೊದಲು “ಅಜ್ಜಿ, ಪಟ್ಟಿ ಹಾಕಲಾ? ಹೂ ಸ್ವಲ್ಪ ಮೇಲೆ ಸರಿಸಿಕೊಳ್ತೀರಾ?” ಎಂದು ಕೇಳುವುದನ್ನು ಆ ಸಹಾಯಕನಿಗೆ ಕಲಿಸಿ, ಹೇಳದೆ ತಲೆಗೆ ಕೈ ಹಾಕಬಾರದು.

ಹೆಡ್‌ಸೆಟ್ಟನ್ನೇ ಹಾಕಿಕೊಳ್ಳಲಾಗದವರೂ ಇರುತ್ತಾರೆ: ಫಿಟ್ಸ್ ಬರುವವರು, ಪೇಸ್‌ಮೇಕರ್ ಇದ್ದು ಅಳುಕುವವರು, ಮುಖ ಮುಚ್ಚಿದರೆ ಗಾಬರಿಯಾಗುವವರು. ಅದೇ ದೃಶ್ಯ, ಅದೇ ಧ್ವನಿ, ಅದೇ ಆಯ್ಕೆಗಳು ಟ್ಯಾಬ್ಲೆಟ್‌ನಲ್ಲೂ ನಡೆಯಲಿ. ದೃಶ್ಯದಲ್ಲಿ ಏನೂ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಬಾರದು. ಮಸ್ತಕಾಭಿಷೇಕದ ಕ್ಯಾಮೆರಾ ಫ್ಲ್ಯಾಶ್‌ಗಳನ್ನು ಸೇರಿಸಿದ್ದರೆ ಅದನ್ನು ವಿಶೇಷವಾಗಿ ಪರೀಕ್ಷಿಸಿ.

ಎದ್ದು ಹೋದ ಆ ಹುಡುಗನಿಗೆ ಬೇಕಿದ್ದದ್ದು ಬರೀ ಸಬ್‌ಟೈಟಲ್ ಎಂದು ನೀವು ಅಂದುಕೊಂಡಿರಬಹುದು. ಅದು ಬೇಕು, ಅಷ್ಟೇ ಸಾಲದು. ಸಿನಿಮಾದಲ್ಲಿ ಪರದೆ ಒಂದೇ ಕಡೆ ಇರುತ್ತದೆ, ವಿಆರ್‌ನಲ್ಲಿ ನೋಡುಗ ಎತ್ತ ತಿರುಗಿರುತ್ತಾನೋ ಗೊತ್ತಿಲ್ಲ. ಬರಹ ಅವನ ನೋಟವನ್ನು ಮೆಲ್ಲಗೆ ಹಿಂಬಾಲಿಸಿ ಸ್ವಲ್ಪ ಕೆಳಗೆ, ಸುಮಾರು ಒಂದೂವರೆ ಎರಡು ಮೀಟರ್ ದೂರದಲ್ಲಿ ನಿಲ್ಲಬೇಕು. ಕಂಬದ ಹಿಂದೆ ಹೂತುಹೋಗಬಾರದು, ಹಿಂದೊಂದು ಕಪ್ಪು ಪಟ್ಟಿ ಇರಬೇಕು. ಮಾತಾಡುವವರು ಬಲಗಡೆ ಇದ್ದರೆ ಅತ್ತ ಬಾಣದ ಗುರುತು ಬರಲಿ. ಮಾತಿನ ಜೊತೆ “ಎಡಗಡೆ ಗಂಟೆ”, “ದೂರದಲ್ಲಿ ಮಂತ್ರಘೋಷ” ಇವನ್ನೂ ಬರೆಯಿರಿ. ಹುಟ್ಟಿನಿಂದ ಕಿವಿ ಕೇಳದ ಅನೇಕರಿಗೆ ಮೊದಲ ಭಾಷೆ ಭಾರತೀಯ ಸಂಜ್ಞಾ ಭಾಷೆ, ಬರೆದ ಕನ್ನಡ ಆಮೇಲೆ ಕಲಿತದ್ದು. ಸಂಜ್ಞಾ ಭಾಷೆಯಲ್ಲಿ ವಿವರಿಸುವವರ ವಿಡಿಯೋ ಕಿಟಕಿ ಸೇರಿಸಿ, ಅದನ್ನು ಬೇಕಾದ ಕಡೆ ಸರಿಸಿಕೊಳ್ಳಲು ಬಿಡಿ. ಇನ್ನೊಂದನ್ನು ಗಮನಿಸಿ: ಹೆಡ್‌ಸೆಟ್ ಹಾಕಿದ ಕೂಡಲೇ ಅವನಿಗೆ ಹೊರಗಿನವರ ಕೈಸನ್ನೆ ಕಾಣುವುದಿಲ್ಲ, ಅಂದರೆ ಮಾತೇ ನಿಂತುಹೋಯಿತು. ಕ್ವೆಸ್ಟ್‌ನ ಪಕ್ಕಕ್ಕೆ ಎರಡು ಸಲ ತಟ್ಟಿದರೆ ಹೊರಗಿನ ದೃಶ್ಯ ಕಾಣುವ ಸೌಲಭ್ಯ ಇದೆ. ಅದನ್ನು ಮೊದಲೇ ಹೇಳಿಕೊಟ್ಟು ಕೂರಿಸಿ. ಒಂದೇ ಕಿವಿ ಕೇಳುವವರಿಗಾಗಿ ಎರಡೂ ಕಡೆಯ ಧ್ವನಿಯನ್ನು ಒಂದು ಮಾಡುವ ಮೋನೋ ಆಯ್ಕೆಯೂ ಇರಲಿ.

ಕನ್ನಡ ಬರಹದ್ದೇ ಒಂದು ಗೋಳು. ವಿಆರ್ ಕಟ್ಟುವ ತಂತ್ರಾಂಶವಾದ ಯೂನಿಟಿಯಲ್ಲಿ ಅಕ್ಷರ ಮೂಡಿಸಲು ಸಾಮಾನ್ಯವಾಗಿ ಬಳಸುವ ಟೆಕ್ಸ್ಟ್‌ಮೆಶ್ ಪ್ರೊಗೆ ಒತ್ತಕ್ಷರ ಕಟ್ಟಲು ಬರುವುದಿಲ್ಲ, ವಿಷ್ಣುವರ್ಧನನ ‘ಷ್ಣು’ ಒಡೆದು ಬೇರೆ ಬೇರೆ ನಿಲ್ಲುತ್ತದೆ. ಹಲವರು ಇದರಿಂದ ಬೇಸತ್ತು ಬರಹವನ್ನು ಚಿತ್ರ ಮಾಡಿ ಅಂಟಿಸುತ್ತಾರೆ. ಹಾಗೆ ಮಾಡುವುದಾದರೆ ಮೂರು ಗಾತ್ರಗಳಲ್ಲಿ ಮಾಡಿ, ಮೂಲ ಅಕ್ಷರಗಳನ್ನು ಆ ವಸ್ತುವಿನ ಮಾಹಿತಿಯ ಜೊತೆ ಇಟ್ಟುಕೊಳ್ಳಿ. ಮುಂದೆ ಓದಿ ಹೇಳಲು ಅದು ಬೇಕು. ಕ್ವೆಸ್ಟ್ 3 ನೋಟದ ಒಂದು ಡಿಗ್ರಿಗೆ ಸುಮಾರು 25 ಪಿಕ್ಸೆಲ್ ಕೊಡುತ್ತದೆ, ಆರೋಗ್ಯವಂತ ಕಣ್ಣಿಗೆ 60ರಷ್ಟು ಬೇಕು. ಇಂಗ್ಲಿಷ್ ಅಕ್ಷರ ಅಲ್ಲಿ ಹೇಗೋ ಪಾರಾಗುತ್ತದೆ, ನಮ್ಮ ಒತ್ತು, ದೀರ್ಘ, ಕೊಂಬು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಅಕ್ಷರ ದಪ್ಪವಾಗಿ, ಸಾಲಿನ ನಡುವೆ ಧಾರಾಳ ಜಾಗ ಬಿಟ್ಟು ಬರೆಯಿರಿ. ಗುಲಾಬಿ, ಕಂದು, ಚಿನ್ನದ ಬಣ್ಣದ ಅಲಂಕಾರದ ಲಿಪಿಯನ್ನು ಮದುವೆ ಕಾರ್ಡಿಗೆ ಬಿಟ್ಟುಬಿಡಿ.

ಇನ್ನು ಮೇಷ್ಟ್ರ ಪ್ರಶ್ನೆ. ಅದು ನಿಮ್ಮನ್ನು ಚುಚ್ಚಿದ್ದು ಒಳ್ಳೆಯದೇ ಆಯಿತು, ಹೆಚ್ಚಿನ ಕೆಲಸ ಇರುವುದು ಅಲ್ಲೇ. ಒಂದು ವೆಬ್ ಪುಟದಲ್ಲಿ ಶೀರ್ಷಿಕೆ, ಗುಂಡಿ, ಚಿತ್ರ ಎಂದು ಗುರುತುಗಳಿರುತ್ತವೆ, ಪರದೆಯಲ್ಲಿರುವುದನ್ನು ದನಿಯಲ್ಲಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಅವನ್ನು ಓದುತ್ತದೆ. ನಿಮ್ಮ ವಿಆರ್ ದೃಶ್ಯದಲ್ಲಿರುವುದು ತ್ರಿಕೋನಗಳು, ಬಣ್ಣಗಳು. ಆನೆಗೂ ಕಂಬಕ್ಕೂ ವ್ಯತ್ಯಾಸ ನಿಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಹಾಗಾಗಿ ಪ್ರತಿ ವಸ್ತುವಿಗೂ ಒಂದು ಹೆಸರು, ಒಂದು ಸಾಲಿನ ಪರಿಚಯ, ಕೇಳಿದರೆ ಮಾತ್ರ ಬರುವ ದೀರ್ಘ ವಿವರಣೆ, ಈ ಮೂರನ್ನೂ ಅಂಟಿಸಿ. ಫೋನ್ ಆವೃತ್ತಿಗೆ ಯೂನಿಟಿಯ 2023.2 ಆವೃತ್ತಿಯಿಂದ ಫೋನಿನ ಸ್ಕ್ರೀನ್ ರೀಡರ್‌ಗಳಾದ ಟಾಕ್‌ಬ್ಯಾಕ್, ವಾಯ್ಸ್‌ಓವರ್‌ಗಳ ಜೊತೆ ಮಾತಾಡುವ ಸೌಲಭ್ಯ ಬಂದಿದೆ, ಬಳಸಿಕೊಳ್ಳಿ. ಹೆಡ್‌ಸೆಟ್‌ಗೆ ಯಂತ್ರದ ದನಿಯನ್ನು ನೆಚ್ಚಬೇಡಿ. ನಿಮ್ಮದು ಚಿಕ್ಕ ಯೋಜನೆ, ಬೇಲೂರಿನಲ್ಲಿ ವರ್ಷಗಟ್ಟಲೆ ಗೈಡ್ ಆಗಿರುವ ಒಬ್ಬರಿಂದ ಧ್ವನಿಮುದ್ರಣ ಮಾಡಿಸಿದರೆ ಮುಗಿಯಿತು. ಅವರಿಗೆ ಸಂಭಾವನೆ ಕೊಡಿ.

ಹಳೇಬೀಡಿನ ಹೊಯ್ಸಳೇಶ್ವರ ಇದಕ್ಕೆ ಹೇಳಿ ಮಾಡಿಸಿದ ಗುಡಿ. ಅದರ ಗೋಡೆಯೇ ಸಾಲುಸಾಲಾಗಿ ಬರೆದಿಟ್ಟ ಹಾಗಿದೆ: ತಳದಲ್ಲಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ಕಂಟ್ರೋಲರಿನ ಕಡ್ಡಿಯನ್ನು ಮೇಲೆ ಒತ್ತಿದರೆ ಮೇಲಿನ ಪಟ್ಟಿಗೆ, ಪಕ್ಕಕ್ಕೆ ಒತ್ತಿದರೆ ಅದೇ ಪಟ್ಟಿಯ ಮುಂದಿನ ಶಿಲ್ಪಕ್ಕೆ ಹೋಗುವಂತೆ ಮಾಡಿ. ಸ್ಕ್ರೀನ್ ರೀಡರ್ ಬಳಸುವವರಿಗೆ ಸಾಲಿನಿಂದ ಸಾಲಿಗೆ, ಪದದಿಂದ ಪದಕ್ಕೆ ಹೋಗುವ ಈ ನಡೆ ಅಭ್ಯಾಸವಾಗಿರುತ್ತದೆ, ಹೊಸದಾಗಿ ಏನೂ ಕಲಿಯಬೇಕಿಲ್ಲ. ಒಂದು ಆನೆಯಿಂದ ಇನ್ನೊಂದಕ್ಕೆ ದಾಟಿದಾಗ ಕೈಯಲ್ಲಿ ಸಣ್ಣ ಕಂಪನ ಬರಲಿ. ದನಿ ಶಿಲ್ಪ ಇರುವ ದಿಕ್ಕಿನಿಂದಲೇ ಕೇಳಲಿ. ಹೊರಗೆ ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಮೇಲೆ ಗಾಳಿ, ಹಕ್ಕಿಯ ಸದ್ದು. ಒಳಗೆ ನವರಂಗಕ್ಕೆ ಬಂದೊಡನೆ ಮಾತು ಗುಂಯ್‌ಗುಡಲಿ. ಒಳಗೆ ಬಂದೆ ಎಂದು ಆಗ ಯಾರೂ ಹೇಳಬೇಕಾಗಿಲ್ಲ. ವಿವರಣೆಯಲ್ಲಿ “ಕಣ್ಮನ ಸೆಳೆಯುವ ಅದ್ಭುತ ಶಿಲ್ಪ” ಎಂದರೆ ಏನೂ ಹೇಳಿದಂತಾಗಲಿಲ್ಲ. ಸೊಂಟ ಒಂದು ಪಕ್ಕಕ್ಕೆ ಬಾಗಿದೆ, ಒಂದು ಕೈಯಲ್ಲಿ ಕನ್ನಡಿ ಇದೆ, ಮುಖ ಅದರತ್ತ ಇದೆ ಎಂದರೆ ಕೇಳಿದವರೇ ಆ ಭಂಗಿಯಲ್ಲಿ ನಿಂತು ನೋಡುತ್ತಾರೆ.

ಸ್ಕ್ಯಾನ್ ಮಾಡಿದ ಫೈಲ್ ನಿಮ್ಮ ಹತ್ತಿರವೇ ಇದೆಯಲ್ಲ, ಅದನ್ನು 3ಡಿ ಪ್ರಿಂಟರಿಗೂ ಕಳಿಸಿ. ಇಡೀ ಗುಡಿಯನ್ನು ಅಂಗೈಯಗಲ ಮಾಡಿ ಶೋಕೇಸಿನ ಗೊಂಬೆ ಮಾಡಬೇಡಿ. ಬೆರಳ ತುದಿಗೆ ಎರಡು ಮಿಲಿಮೀಟರಿಗಿಂತ ಹತ್ತಿರದ ಎರಡು ಬಿಂದುಗಳನ್ನು ಬೇರೆ ಮಾಡಿ ಗುರುತಿಸುವುದು ಕಷ್ಟ, ಹೊಯ್ಸಳರ ಕುಸುರಿ ಅಷ್ಟು ಚಿಕ್ಕದಾದರೆ ಬರೀ ಒರಟು ಮೇಲ್ಮೈಯಾಗಿ ತಾಗುತ್ತದೆ. ಒಂದು ಆನೆಯನ್ನು ಎರಡು ಕೈ ತುಂಬುವಷ್ಟು, ದರ್ಪಣಸುಂದರಿಯ ಮುಖ ಮತ್ತು ಕನ್ನಡಿಯನ್ನು ಬೇರೆಯಾಗಿ, ನಕ್ಷತ್ರಾಕಾರದ ಜಗತಿಯ ತಳವಿನ್ಯಾಸವನ್ನು ಒಂದು ತಟ್ಟೆಯಗಲ ಮಾಡಿ. ಆ ಜಗತಿಯ ಮೂಲೆಗಳು ಮುರಿದು ಮುರಿದು ಸಾಗುವ ರೀತಿ ಅಲ್ಲೇ ನಿಂತು ನೋಡಿದವರಿಗಿಂತ ಬೆರಳಲ್ಲಿ ಸವರಿದವರಿಗೆ ಚೆನ್ನಾಗಿ ತಿಳಿದೀತು. ಒಂದು ಕೈ ಮಾದರಿಯ ಮೇಲೆ, ಕಿವಿ ವಿವರಣೆಯ ಕಡೆ: ಮೇಷ್ಟ್ರಿಗೆ ಕೊಡಬೇಕಾದ ಉತ್ತರ ಇದು.

ಪೂರ್ತಿ ಕುರುಡರಿಗಿಂತ ಮಂದದೃಷ್ಟಿಯವರ ಸಂಖ್ಯೆ ಹೆಚ್ಚು ಎಂಬುದನ್ನೂ ಮರೆಯಬಾರದು. ಮೈಕ್ರೋಸಾಫ್ಟ್‌ನ ಸಂಶೋಧಕರು 2019ರಲ್ಲಿ ಸೀಯಿಂಗ್‌ವಿಆರ್ ಎಂಬ ಹೆಸರಿನಲ್ಲಿ ಇವರಿಗಾಗಿಯೇ 14 ಉಪಕರಣ ಮಾಡಿ ತೋರಿಸಿದರು: ಭೂತಗನ್ನಡಿ, ಅಂಚುಗಳನ್ನು ಎದ್ದು ಕಾಣಿಸುವುದು, ಬೆಳಕು ಮತ್ತು ಬಣ್ಣದ ವ್ಯತ್ಯಾಸ ಹೆಚ್ಚಿಸುವುದು ಹೀಗೆ. ಬಳಪದ ಕಲ್ಲಿನ ಶಿಲ್ಪ ಹಿನ್ನೆಲೆಯ ಬಣ್ಣದ್ದೇ ಆಗಿರುವುದರಿಂದ ನಿಮಗೆ ಅಂಚು ಎತ್ತಿ ತೋರಿಸುವುದೊಂದನ್ನು ಸೇರಿಸಿದರೂ ದೊಡ್ಡ ಲಾಭ.

ಫೋನಿನ ಎಆರ್ ಬಗ್ಗೆ ಎರಡು ಮಾತು. “ಫೋನನ್ನು ನೆಲದ ಮೇಲೆ ನಿಧಾನವಾಗಿ ಆಡಿಸಿ” ಎಂಬ ಸೂಚನೆ ಬಂದ ಕೂಡಲೇ ಕೈ ನಡುಗುವವರೂ ಕಣ್ಣು ಕಾಣದವರೂ ಅಲ್ಲೇ ನಿಲ್ಲುತ್ತಾರೆ, ಆ ಹೆಜ್ಜೆ ದಾಟಿಸುವ ಗುಂಡಿ ಇಡಿ. ಫೋನ್ ಎತ್ತಿ ಹಿಡಿದೇ ಇರಲು ಎಲ್ಲರ ತೋಳಿಗೂ ಆಗದು. ಒಮ್ಮೆ ದೃಶ್ಯ ಸಿಕ್ಕಮೇಲೆ ಅದನ್ನು ಹಿಡಿದಿಟ್ಟು, ಫೋನ್ ತೊಡೆಯ ಮೇಲಿಟ್ಟುಕೊಂಡು ನೋಡಲು ಬರಲಿ. ಅಗ್ಗದ ಎಷ್ಟೋ ಫೋನುಗಳಲ್ಲಿ ಫೋನ್ ತಿರುಗಿದ್ದನ್ನು ಗುರುತಿಸುವ ಗೈರೋಸ್ಕೋಪ್ ಇರುವುದಿಲ್ಲ, ಅವರಿಗೂ ಬೆರಳಲ್ಲಿ ಎಳೆದು ತಿರುಗಿಸುವ ದಾರಿ ಬೇಕು. ಬಡತನವೂ ಹೊರಗಿಡುತ್ತದೆ, ಇದನ್ನು ಆ ಲೆಕ್ಕಕ್ಕೇ ಸೇರಿಸಿ. ಕ್ಯೂಆರ್ ಕೋಡನ್ನು ಸಂರಕ್ಷಿತ ಸ್ಮಾರಕದ ಮೇಲೆ ಅಂಟಿಸುವ ಹಾಗಿಲ್ಲ. ಹೊರಗಿನ ಫಲಕದಲ್ಲಿ, ಕೂತವರಿಗೂ ಸಿಗುವ ಎತ್ತರದಲ್ಲಿ, ಬೆರಳಿಗೆ ತಾಗುವ ಉಬ್ಬು ಅಂಚಿನೊಡನೆ ಇಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಪರದೆ ಕಾಣುತ್ತದೆಯೇ ಎಂದು ಅಲ್ಲೇ ನಿಂತು ನೋಡಿ.

ದುಡ್ಡು ಕೇಳಲು ಹೋದಾಗ ಕಾನೂನಿನ ಮಾತು ಸಹಾಯಕ್ಕೆ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅದರ 29ನೇ ಸೆಕ್ಷನ್ ಕಲೆ ಎಲ್ಲರಿಗೂ ಎಟುಕುವಂತೆ ಮಾಡುವ ಬಗ್ಗೆ, 42ನೇ ಸೆಕ್ಷನ್ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಬಗ್ಗೆ ಸರ್ಕಾರದ ಹೊಣೆಯನ್ನು ಹೇಳುತ್ತವೆ. ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಹೊಯ್ಸಳ ದೇಗುಲಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಪ್ರವಾಸೋದ್ಯಮದ ಹೆಸರಲ್ಲಿ ಹಣ ಒದಗಿಸುವವರೂ ಸಿಗಬಹುದು.

ಆದರೆ ಆ ಹಣದ ಜೊತೆ “ಇನ್ನು ರ‍್ಯಾಂಪ್ ಯಾಕೆ, ವಿಆರ್ ಇದೆಯಲ್ಲ” ಎಂಬ ಮಾತು ಬಂದರೆ ಖಂಡಿತ ಒಪ್ಪಬೇಡಿ. ಬೆಳಗೊಳದಲ್ಲಿ ಡೋಲಿಯಲ್ಲಿ ಕೂತು ಮೇಲೆ ಹೋಗುವ ಅಜ್ಜಿ ಬಿಸಿಲು, ಗಾಳಿ, ಬಾಹುಬಲಿಯ ಪಾದ ಎಲ್ಲವನ್ನೂ ಅನುಭವಿಸಿ ಬರುತ್ತಾಳೆ. ನಿಮ್ಮ ಹೆಡ್‌ಸೆಟ್ ಅದರ ಜಾಗಕ್ಕೆ ಬರಲಾರದು, ಬರಬೇಕಾಗಿಯೂ ಇಲ್ಲ.

ಕೊನೆಗೆ ಪರೀಕ್ಷೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನೀವೇ ಪರೀಕ್ಷಿಸಿದರೆ ನಿಮಗೆ ಗಾಬರಿಯಾಗುತ್ತದೆ ಅಷ್ಟೇ, ಕಣ್ಣಿಲ್ಲದೆ ಬದುಕಿ ಗೊತ್ತಿರುವವರ ಜಾಣ್ಮೆ ಬರುವುದಿಲ್ಲ. ಮೇಳಕ್ಕೆ ಬಂದಿದ್ದವರನ್ನೇ ಮತ್ತೆ ಕರೆಯಿರಿ. ಬಸ್ ಚಾರ್ಜು, ಊಟ, ಅರ್ಧ ದಿನದ ಸಂಭಾವನೆ ಕೊಡಿ. ಪ್ರೋಗ್ರಾಂ ಪೂರ್ತಿಯಾದ ಮೇಲೆ ಕರೆದರೆ ಅವರು ಹೇಳಿದ್ದನ್ನು ಬದಲಿಸಲು ನಿಮಗೇ ಮನಸ್ಸಾಗುವುದಿಲ್ಲ, ಒಂದೇ ಒಂದು ನಿಲ್ದಾಣ ಸಿದ್ಧವಾದಾಗಲೇ ಕರೆಯಿರಿ. ಅವರು ಎಲ್ಲಿ ತಡೆದರು, ಎಲ್ಲಿ ಸಹಾಯಕನ ಕೈ ಹಿಡಿದರು ಎಂಬುದನ್ನು ಬರೆದುಕೊಳ್ಳಿ. ನಡುವೆ ಬಾಯಿ ಹಾಕಿ ಹೇಳಿಕೊಡಬೇಡಿ.

ಎಲ್ಲವನ್ನೂ ಒಮ್ಮೆಗೇ ಮುಗಿಸಲು ಆಗುವುದಿಲ್ಲ. ಈ ಸಲದ ಮೇಳಕ್ಕೆ ಕೂತು ನೋಡುವ ರೂಪ, ಒಂದೇ ಕೈಯ ಬಳಕೆ, ನಿಲ್ದಾಣದಿಂದ ನಿಲ್ದಾಣಕ್ಕೆ ಜಿಗಿಯುವ ನಡೆ, ಸಬ್‌ಟೈಟಲ್, ಗೈಡ್‌ನ ಧ್ವನಿ, ಟ್ಯಾಬ್ಲೆಟ್ ರೂಪ, ಒಂದೆರಡು ಮುಟ್ಟುವ ಮಾದರಿ ಇಷ್ಟಾದರೆ ಸಾಕು, ಸಂಜ್ಞಾ ಭಾಷೆಯ ವಿಡಿಯೋ ಮುಂದಿನ ಸಲ ಬರಲಿ. ಏನಿದೆ, ಏನಿಲ್ಲ ಎಂಬುದನ್ನು ಮಾತ್ರ ಮುಂಚೆಯೇ ಹೇಳಿಬಿಡಿ. ಸಾಲು ಶುರುವಾಗುವ ಕಡೆಯೇ ಒಂದು ಬೋರ್ಡ್ ಹಾಕಿ: “ಕೂತು ನೋಡಬಹುದು. ಒಂದೇ ಕೈ ಸಾಕು. ಕನ್ನಡ ಸಬ್‌ಟೈಟಲ್ ಇದೆ, ಸಂಜ್ಞಾ ಭಾಷೆ ಇನ್ನೂ ಇಲ್ಲ. ಕಣ್ಣು ಕಾಣದವರಿಗೆ ಧ್ವನಿ ವಿವರಣೆ, ಮುಟ್ಟುವ ಮಾದರಿ ಇವೆ. ಹೆಡ್‌ಸೆಟ್ ಬೇಡವಾದರೆ ಟ್ಯಾಬ್ಲೆಟ್ ಕೇಳಿ. ಏಳು ನಿಮಿಷ, ನಡುವೆ ಯಾವಾಗ ಬೇಕಾದರೂ ನಿಲ್ಲಿಸಬಹುದು.” ಓದಲಾಗದವರಿಗೆ ಅಷ್ಟನ್ನೂ ಬಾಯಲ್ಲಿ ಹೇಳುವ ಕೆಲಸ ನಿಮ್ಮ ನಾಲ್ವರಲ್ಲಿ ಒಬ್ಬರದಾಗಿರಲಿ.